ಹಳ್ಳಿಯ ಹಾಡು, ತೆರೆಯ ಸಂಗೀತ

ಕಳೆದ ಆಟಿಯಲ್ಲಿ ನಾವು ಸುಳ್ಯ ಸೀಮೆಯ ಗುತ್ತಿಗಾರಿಗೆ ನಂಟರ ಮನೆಗೆ ಹೋಗಿದ್ದೆವು. ಹೊರಗೆ ಜಡಿಮಳೆ. ಸುತ್ತಣ ಗದ್ದೆಗಳು ಅಡಕೆಯ ತೋಟಗಳಾದ ಮೇಲೆ ಅಲ್ಲಿ ನಟ್ಟಿಯೂ ಇಲ್ಲ, ನಟ್ಟಿಯ ಹಾಡೂ ಇಲ್ಲ. ಆದರೂ ನೆರೆಮನೆಯ ಮುದುಕಿಯೊಬ್ಬಳು ಜಗಲಿಯಲ್ಲಿ ಕುಳಿತು ಪಾಡ್ದನವನ್ನು ತೊಡಗಿದಳು. ಮನೆಯ ಹುಡುಗನು ಅದನ್ನು ಮೊಬೈಲಿನಲ್ಲಿ ಹಿಡಿದು, “ಅಜ್ಜಿ, ಸಿನಿಮಾದವರು ಕೇಳಿದರೆ ಇದನ್ನು ಬಿಡಲಾರರು” ಎಂದನು. ಆಕೆ ಕೇಳಿದುದು ಒಂದೇ ಮಾತು: “ಎನ್ನ ಪುದರ್ ಪಾಡುವೆರಾ?” ನನ್ನ ಹೆಸರನ್ನು ಹಾಕುವರೇ, ಎಂದು.

ಹಳ್ಳಿಯ ನಾದವನ್ನು ತೆರೆಗೆ ತಂದವರಲ್ಲಿ ನಮ್ಮ ಜಿಲ್ಲೆಯವರೇ ಆದ ಬಿ. ವಿ. ಕಾರಂತರನ್ನು ನೆನೆಯದಿರಲಾಗದು. ಬಂಟ್ವಾಳದ ಮಂಚಿಯಲ್ಲಿ ಹುಟ್ಟಿ, ಗುಬ್ಬಿ ಕಂಪೆನಿಯಲ್ಲಿ ಪಳಗಿದ ಇವರು, ಶಿವರಾಮ ಕಾರಂತರ 1933ರ ‘ಚೋಮನ ದುಡಿ’ಯನ್ನು 1975ರಲ್ಲಿ ಚಿತ್ರವಾಗಿಸಿ ಸಂಗೀತವನ್ನೂ ತಾವೇ ಹೊಂದಿಸಿದರು. ಬೇಸಾಯಕ್ಕೆ ತುಂಡು ನೆಲವೂ ದೊರೆಯದ ಚೋಮನ ಸಂಕಟವೆಲ್ಲ ದುಡಿಯ ಮೂಲಕವೇ ಹೊರಡಬೇಕಾದ ಕಥೆಯದು. ಅಲ್ಲಿ ಪಿಟೀಲುಗಳ ಮೇಳವನ್ನು ತುಂಬಿದ್ದರೆ ಕೆಟ್ಟೇ ಹೋಗುತ್ತಿತ್ತು. ಚಿತ್ರಕ್ಕೆ ಸ್ವರ್ಣಕಮಲವು ಬಂದಿತು. ಮುಂದೆ ‘ಋಷ್ಯಶೃಂಗ’, ‘ಘಟಶ್ರಾದ್ಧ’ಗಳ ಸಂಗೀತಕ್ಕಾಗಿ ಕಾರಂತರಿಗೆ ರಾಷ್ಟ್ರಪ್ರಶಸ್ತಿಗಳೂ ದೊರೆತುವು. 2022ರ ‘ಕಾಂತಾರ’ದಲ್ಲಿ ಅಜನೀಶ್ ಲೋಕನಾಥರು ಕರಾವಳಿಯ ಧಾಟಿಗಳನ್ನು ದೇಶಕ್ಕೆಲ್ಲ ಕೇಳಿಸಿದುದನ್ನು ವಾಚಕರು ಬಲ್ಲರು.

ಆದರೆ ಇಂಥ ಕೂಡುಗೆಲಸವು ಸುಲಭವಲ್ಲ. ಪಾಡ್ದನವು ನಟ್ಟಿಯ ದಿನದಷ್ಟು ಉದ್ದ. ದೃಶ್ಯಕ್ಕೆ ಬೇಕಾದುದು ಒಂದೂವರೆ ನಿಮಿಷ. ಹಾಡುವವಳ ಶ್ರುತಿಯು ಹಾಡುತ್ತ ಹಾಡುತ್ತ ಏರುವುದುಂಟು, ಯಂತ್ರವಾದ್ಯದ್ದು ಏರದು. ಮಳೆಗಾಲದಲ್ಲಿ ದುಡಿಯ ಚರ್ಮವು ಸಡಿಲುತ್ತದೆ, ಬೆಂಕಿಗೆ ಹಿಡಿದು ಕಾಯಿಸಬೇಕು. ಗಡಿಯಾರದ ಟಿಕ್‌ಟಿಕ್ಕನ್ನು ಕಿವಿಗೆ ತುರುಕಿ ಹಾಡಿಸಿದರೆ ಹಾಡು ಬರುತ್ತದೆ, ಉಸಿರು ಬರುವುದಿಲ್ಲ. ಮೊದಲು ಆಕೆಯನ್ನು ಮನಸ್ಸಿನಂತೆ ಹಾಡಗೊಟ್ಟು, ಬಳಿಕ ವಾದ್ಯಗಳು ಆಕೆಯನ್ನು ಹಿಂಬಾಲಿಸುವಂತೆ ಮಾಡುವುದೇ ಲೇಸೆಂದು ನಮ್ಮ ಮತ.

ಇನ್ನು ಹೆಸರಿನ ವಿಚಾರ. ಪುರಾತನ ಧಾಟಿಗೆ ಒಡೆಯರಿಲ್ಲ. ಹಾಡಿದ ಕಂಠಕ್ಕೆ ಮಾತ್ರ ಹಕ್ಕುಂಟು. 2012ರಲ್ಲಿ ತಿದ್ದಲಾದ ಹಕ್ಕುಸ್ವಾಮ್ಯದ ಕಾಯಿದೆಯು ಹಾಡುಗಾರರಿಗೆ ಗೌರವಧನದ ಪಾಲನ್ನು ಕೊಡಿಸುತ್ತದೆ. ಆದರೆ ಚಿತ್ರದಲ್ಲಿ ಪ್ರಾಸಂಗಿಕವಾಗಿ ಬಂದು, ಹೆಸರಿನ ಪಟ್ಟಿಯಲ್ಲಿ ಸೇರದವರನ್ನು ಅದೇ ಕಾಯಿದೆಯು ಈ ಪಾಲಿನಿಂದ ಹೊರಗಿಡುತ್ತದೆ! ಮುದುಕಿಯು ಓದಿದವಳಲ್ಲ, ಕೇಳಬೇಕಾದುದನ್ನೇ ಕೇಳಿದ್ದಳು.

ಇದನ್ನು ವಿವರಿಸಿದಾಗ ಹುಡುಗನು ಕಾಗದವನ್ನು ತಂದು ಆಕೆಯ ಹೆಸರನ್ನೂ ತಾರೀಖನ್ನೂ ಬರೆದನು. ಆಕೆ ಓದಿಸಿ ಕೇಳಿ, ಹಾಡನ್ನು ಕಲಿಸಿದ ಅತ್ತೆಯ ಹೆಸರನ್ನು ಅದರ ಮೇಲೆ ಬರೆಯಿಸಿದಳು.