ಕನ್ನಡಿ ಬೇಕೋ, ಬೇಡವೋ?

ಕಳೆದ ವೈಶಾಖದಲ್ಲಿ ಹರಿಹರದ ಒಂದು ಕಲ್ಯಾಣ ಮಂಟಪ. ಬೆಳಗಿನ ಐದೂವರೆಯ ಮುಹೂರ್ತ. ನಾನು ಎರಡನೇ ಫೋಟೊಗ್ರಾಫರ್. ವಾರದ ದಿನಗಳಲ್ಲಿ ದಾವಣಗೆರೆಯಲ್ಲಿ ಬಿ.ಇ. ಓದು, ಶನಿವಾರ–ಭಾನುವಾರ ಮದುವೆ ಮನೆ. ಮಾಂಗಲ್ಯ ಕಟ್ಟುವ ಹೊತ್ತಿಗೆ ಕಂಬದ ಮರೆಯಲ್ಲಿ ನಿಂತಿದ್ದ ಮದುಮಗಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಖ್ಯ ಫೋಟೊಗ್ರಾಫರ್ ವೇದಿಕೆಯ ಮೇಲಿದ್ದರು. ಅದನ್ನು ಕಂಡವನು ನಾನೊಬ್ಬನೇ. ಕ್ಲಿಕ್ ಮಾಡಿದೆ.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮುಖವೆಲ್ಲ ರವೆ ಚೆಲ್ಲಿದ ಹಾಗೆ ಕಾಳುಕಾಳು. ಜೊತೆಗೆ ಅಲುಗಾಟ ಬೇರೆ. ಆಲ್ಬಮ್ಮಿಗೆ ಅದು ಬರಲಿಲ್ಲ. ತಿಂಗಳ ನಂತರ ಆಲ್ಬಮ್ ಕೊಡಲು ಹೋದಾಗ ಮದುಮಗಳು ಪುಟ ಮಗುಚುತ್ತಾ, 'ಅಣ್ಣಾ, ಮುಹೂರ್ತದಾಗೆ ಅಮ್ಮಂದು ಒಂದೂ ಇಲ್ವಾ?' ಎಂದು ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ಅವತ್ತೇ ತೀರ್ಮಾನಿಸಿದೆ: ಕ್ಯಾಮೆರಾ ಬದಲಿಸಬೇಕು, ಫುಲ್ ಫ್ರೇಮೇ ಕೊಳ್ಳಬೇಕು. ಆದರೆ ಡಿಎಸ್‌ಎಲ್‌ಆರ್ ಕೊಳ್ಳಬೇಕೋ, ಮಿರರ್‌ಲೆಸ್ ಕೊಳ್ಳಬೇಕೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ನಿಮ್ಮಲ್ಲೂ ಯಾರಾದರೂ ಟ್ಯೂಷನ್ ಹೇಳಿಯೋ, ಇವೆಂಟ್ ಕೆಲಸ ಮಾಡಿಯೋ ಕೂಡಿಟ್ಟ ದುಡ್ಡಿನಲ್ಲಿ ಕ್ಯಾಮೆರಾ ಕೊಳ್ಳುವವರಿದ್ದರೆ ನನ್ನ ಲೆಕ್ಕಾಚಾರ ಉಪಯೋಗಕ್ಕೆ ಬರಬಹುದು.

ಅಪ್ಪನ ರೀಲಿನ ಅಳತೆ

ಮೊದಲು ಫುಲ್ ಫ್ರೇಮ್ ಅಂದರೇನು ನೋಡೋಣ. ನನ್ನ ಹತ್ತಿರ ಇದ್ದದ್ದು ಕ್ಯಾನನ್ 200ಡಿ. ಅದರ ಸೆನ್ಸರ್ 22.3 x 14.9 ಮಿ.ಮೀ. ಫುಲ್ ಫ್ರೇಮ್ ಸೆನ್ಸರ್ 36 x 24 ಮಿ.ಮೀ. ವಿಸ್ತೀರ್ಣದಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು. ಮಳೆನೀರಿಗೆ ಅಂಗಳದಲ್ಲಿ ಲೋಟ ಇಡುವುದಕ್ಕೂ ಪರಾತ ಇಡುವುದಕ್ಕೂ ಇರುವಷ್ಟೇ ವ್ಯತ್ಯಾಸ. ಬಾಯಿ ದೊಡ್ಡದಾದಷ್ಟೂ ಬೆಳಕು ಹೆಚ್ಚು ಬೀಳುತ್ತದೆ, ಕಾಳು ಕಡಿಮೆಯಾಗುತ್ತದೆ.

ಇದನ್ನು ಅಪ್ಪನಿಗೆ ವಿವರಿಸಲು ಹೋದೆ. ಅಪ್ಪ ಹರಿಹರದಲ್ಲಿ ಸಣ್ಣ ಸ್ಟುಡಿಯೊ ಇಟ್ಟಿದ್ದವರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಪಾಸ್‌ಪೋರ್ಟ್ ಸೈಜಿನ ಗಿರಾಕಿಗಳೂ ಕಡಿಮೆಯಾಗಿ ಬಾಗಿಲು ಹಾಕಿದರು. ನನ್ನ ಮಾತು ಕೇಳಿ ನಕ್ಕರು. 'ಲೇ, 36–24 ಅಂದ್ರೆ ನಮ್ಮ ರೀಲಿನ ಅಳತೆ ಅಲ್ಲೇನೋ? ನಾವು ಹುಟ್ಟಿದಾಗಿಂದ ಫುಲ್ ಫ್ರೇಮಲ್ಲೇ ಹೊಡೆದಿದ್ದು, ಹೆಸರು ಗೊತ್ತಿರ್ಲಿಲ್ಲ ಅಷ್ಟೆ' ಎಂದರು. ನಿಜ. 35 ಮಿ.ಮೀ. ಫಿಲ್ಮಿನ ಚೌಕಟ್ಟಿನ ಅಳತೆಯೇ ಇವತ್ತಿನ ಫುಲ್ ಫ್ರೇಮ್. ಅಪ್ಪ ಬೀರುವಿನಿಂದ ತಮ್ಮ ಹಳೆಯ ಫಿಲ್ಮ್ ಕ್ಯಾಮೆರಾದ 50 ಎಂ.ಎಂ. ಎಫ್ 1.8 ಲೆನ್ಸ್ ತೆಗೆದು ಕೈಗಿಟ್ಟರು. ಕ್ಯಾನನ್ 1987ರಲ್ಲಿ ತಂದ ಇಎಫ್ ಮೌಂಟಿನ ಲೆನ್ಸ್ ಅದು. ಇವತ್ತಿನ ಕ್ಯಾನನ್ ಡಿಎಸ್‌ಎಲ್‌ಆರ್‌ಗೂ ನೇರ ಕೂರುತ್ತದೆ.

ಒಂದೇ ಸೆನ್ಸರ್, ಒಂದಕ್ಕೆ ಕನ್ನಡಿ

ಡಿಎಸ್‌ಎಲ್‌ಆರ್ ಒಳಗೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು, ಮೇಲಿನ ಪ್ರಿಸಮ್ಮಿನಲ್ಲಿ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಬಟನ್ ಒತ್ತಿದಾಗ ಕನ್ನಡಿ 'ಟಪ್' ಎಂದು ಮೇಲೆದ್ದು ಸೆನ್ಸರಿಗೆ ದಾರಿ ಬಿಡುತ್ತದೆ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ. ಬೆಳಕು ಸೀದಾ ಸೆನ್ಸರಿಗೆ ಬೀಳುತ್ತದೆ. ಸೆನ್ಸರ್ ಕಂಡದ್ದನ್ನು ಕಣ್ಣಿನ ಬಳಿಯ ಪುಟ್ಟ ಸ್ಕ್ರೀನ್ ನಮಗೆ ತೋರಿಸುತ್ತದೆ.

ಹೋಲಿಸಬೇಕಾದರೆ ಉಳಿದದ್ದೆಲ್ಲ ಸಮ ಇರಬೇಕು ಎಂದು ನಮಗೆ ಲ್ಯಾಬಿನಲ್ಲಿ ಕಲಿಸುತ್ತಾರೆ. ಹಾಗಾಗಿ ಎರಡು ಕ್ಯಾನನ್ ಆರಿಸಿಕೊಂಡೆ. ಒಂದು 2017ರ 6ಡಿ ಮಾರ್ಕ್ 2, ಡಿಎಸ್‌ಎಲ್‌ಆರ್. ಇನ್ನೊಂದು 2019ರ ಇಒಎಸ್ ಆರ್‌ಪಿ, ಮಿರರ್‌ಲೆಸ್. ಎರಡರಲ್ಲೂ 26.2 ಮೆಗಾಪಿಕ್ಸೆಲ್ ಸೆನ್ಸರ್, ಹೆಚ್ಚುಕಮ್ಮಿ ಒಂದೇ. ಎರಡಕ್ಕೂ ಒಂದೇ ಕಾರ್ಡ್ ಸ್ಲಾಟ್. ಮುಖ್ಯ ವ್ಯತ್ಯಾಸ ಕನ್ನಡಿಯದೇ. ದಾವಣಗೆರೆಯಲ್ಲಿ ಎರಡನ್ನೂ ಒಂದು ದಿನದ ಬಾಡಿಗೆಗೆ ತಂದೆ. ಎರಡಕ್ಕೂ ಸೇರಿ ₹2,400 ಹೋಯಿತು. ಎಪ್ಪತ್ತು ಸಾವಿರದ ತಪ್ಪು ಮಾಡುವ ಬದಲು ಎರಡೂವರೆ ಸಾವಿರ ಕಳೆದುಕೊಳ್ಳುವುದು ವಾಸಿ.

ಮೊದಲ ಪರೀಕ್ಷೆ ಹರಿಹರೇಶ್ವರ ದೇವಸ್ಥಾನದಲ್ಲಿ. 13ನೇ ಶತಮಾನದ ಹೊಯ್ಸಳರ ಗುಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಕಡೆದ ಕಂಬಗಳ ನಡುವೆ ತಂಪು ಕತ್ತಲು. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸದೆ, ಕಂಬದ ಬುಡದಲ್ಲಿ ಗೆಳೆಯನನ್ನು ಕೂರಿಸಿ ಹೊಡೆದೆ. ಇಲ್ಲಿ ಆರ್‌ಪಿ ಗೆದ್ದಿತು. ಫೋಟೊ ಎಷ್ಟು ಕಪ್ಪಾಗುತ್ತದೆ, ಎಷ್ಟು ಬಿಳುಚುತ್ತದೆ ಎಂಬುದು ಬಟನ್ ಒತ್ತುವ ಮೊದಲೇ ಕಾಣುತ್ತದೆ. 6ಡಿಯಲ್ಲಿ ಕಣ್ಣಿಗೆ ಕಾಣುವುದು ನಿಜವಾದ ಬೆಳಕು, ಫೋಟೊ ಹೇಗೆ ಬರುತ್ತದೆ ಎಂಬುದನ್ನು ನಾವೇ ಅಂದಾಜಿಸಬೇಕು. ಕಲಿಯುವವರಿಗೆ ಆರ್‌ಪಿ ಒಳ್ಳೆಯ ಮೇಷ್ಟ್ರು.

ಎರಡನೆಯದು ಫೋಕಸ್. ಗೆಳೆಯನನ್ನು ನನ್ನ ಕಡೆಗೆ ನಡೆದು ಬರಲು ಹೇಳಿ, ಅಪ್ಪನ ಲೆನ್ಸನ್ನು 1.8ರಲ್ಲೇ ಇಟ್ಟು ಎರಡರಲ್ಲೂ ಇಪ್ಪತ್ತಿಪ್ಪತ್ತು ಹೊಡೆದೆ. ಕಣ್ಣು ಚೂಪಾಗಿ ಬಂದದ್ದು 6ಡಿಯಲ್ಲಿ 11, ಆರ್‌ಪಿಯಲ್ಲಿ 17. ಕಾರಣ ಸರಳ. ಆರ್‌ಪಿ ಮುಖ ಮತ್ತು ಕಣ್ಣನ್ನು ತಾನೇ ಗುರುತಿಸುತ್ತದೆ, ಸೆನ್ಸರಿನ ಮೇಲೇ ಫೋಕಸ್ ಅಳೆಯುತ್ತದೆ. 6ಡಿಯ 45 ಫೋಕಸ್ ಬಿಂದುಗಳು ನಡುವೆ ಗುಂಪಾಗಿವೆ. ಮುಖ ಅಂಚಿನಲ್ಲಿದ್ದರೆ ನಡುವಿನ ಬಿಂದುವಿನಿಂದ ಫೋಕಸ್ ಹಿಡಿದು ಫ್ರೇಮ್ ಸರಿಸಿಕೊಳ್ಳಬೇಕು. ಹಿಂದಿನ ಸ್ಕ್ರೀನ್ ನೋಡಿಕೊಂಡು ಹೊಡೆದರೆ ಮಾತ್ರ 6ಡಿಯೂ ಮಿರರ್‌ಲೆಸ್‌ನ ಹಾಗೆಯೇ ಸೆನ್ಸರಿನಿಂದ ಫೋಕಸ್ ಮಾಡುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಮೂರನೆಯದು ತೂಕ. ಬ್ಯಾಟರಿ, ಕಾರ್ಡ್ ಸಮೇತ 6ಡಿ 765 ಗ್ರಾಂ, ಆರ್‌ಪಿ 485 ಗ್ರಾಂ. ಆದರೆ ಹಳೆಯ ಇಎಫ್ ಲೆನ್ಸ್ ಆರ್‌ಪಿಗೆ ಕೂರಲು ಅಡಾಪ್ಟರ್ ಬೇಕು. ಕನ್ನಡಿಗೆ ಜಾಗ ಬೇಕೆಂದು ಇಎಫ್ ಲೆನ್ಸ್ ಸೆನ್ಸರಿನಿಂದ 44 ಮಿ.ಮೀ. ದೂರದಲ್ಲಿ ಕೂರುತ್ತದೆ. ಆರ್‌ಪಿಯಲ್ಲಿ ಆ ದೂರ 20 ಮಿ.ಮೀ. ಮಾತ್ರ. ಉಳಿದ 24 ಮಿ.ಮೀ. ತುಂಬುವುದೇ ಅಡಾಪ್ಟರಿನ ಕೆಲಸ. ಒಳಗೆ ಗಾಜು ಇಲ್ಲ, ಹಾಗಾಗಿ ಫೋಟೊ ಗುಣಮಟ್ಟ ಕೆಡುವುದಿಲ್ಲ. ಆದರೆ ಅದರ ತೂಕವೇ ನೂರು ಗ್ರಾಂ ದಾಟುತ್ತದೆ. ಕಾಗದದ ಮೇಲೆ ಕಂಡ 280 ಗ್ರಾಂ ಉಳಿತಾಯ ಕುತ್ತಿಗೆಗೆ ನೇತು ಹಾಕಿಕೊಂಡಾಗ 170ಕ್ಕೆ ಇಳಿಯಿತು.

ನಾಲ್ಕನೆಯದು ಬ್ಯಾಟರಿ. ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ 6ಡಿ ಸುಮಾರು 1,200 ಫೋಟೊ, ಆರ್‌ಪಿ ಸುಮಾರು 250. ಆರ್‌ಪಿಯ ಸ್ಕ್ರೀನ್ ಸದಾ ಉರಿಯುತ್ತಲೇ ಇರಬೇಕಲ್ಲ! ಬೆಳಿಗ್ಗೆ ಹೊರಟ ಆರ್‌ಪಿ ಮಧ್ಯಾಹ್ನದ ಬೆಣ್ಣೆದೋಸೆಗೆ ಮೊದಲೇ ಕಣ್ಣು ಮುಚ್ಚಿತು. ಸಮಾಧಾನವೆಂದರೆ ನನ್ನ 200ಡಿಯ ಬ್ಯಾಟರಿಯೇ ಅದಕ್ಕೂ ಹೊಂದುತ್ತದೆ.

ದುಡ್ಡಿನ ಮಾತು

ಸಂಜೆ ತುಂಗಭದ್ರೆಯ ದಂಡೆಯಲ್ಲಿ ಕೂತು ನನ್ನ ಮಟ್ಟಿಗೆ ತೀರ್ಪು ಕೊಟ್ಟುಕೊಂಡೆ: ಆರ್‌ಪಿಯೇ. ಕಂಪನಿಗಳೂ ಅದೇ ದಾರಿಯಲ್ಲಿವೆ. ಕ್ಯಾನನ್, ನಿಕಾನ್ ಎರಡೂ ಡಿಎಸ್‌ಎಲ್‌ಆರ್‌ನ ತಮ್ಮ ಕೊನೆಯ ದೊಡ್ಡ ಮಾಡೆಲ್‌ಗಳನ್ನು ತಂದದ್ದು 2020ರಲ್ಲಿ. ಅಲ್ಲಿಂದೀಚೆಗೆ ಹೊಸ ಲೆನ್ಸು, ಹೊಸ ತಂತ್ರಜ್ಞಾನ ಎಲ್ಲವೂ ಮಿರರ್‌ಲೆಸ್‌ಗೇ.

ಮನೆಗೆ ಬಂದು ನೋಟ್‌ಬುಕ್ ತೆರೆದಾಗ ತೀರ್ಪು ಅಲುಗಾಡಿತು. ನನ್ನ ಕೈಯಲ್ಲಿದ್ದದ್ದು ₹1,05,000. ಅದರಲ್ಲಿ ₹40,000 ಅಮ್ಮ ಚೀಟಿ ಎತ್ತಿ ಕಾಲೇಜು ಫೀಸಿಗೆಂದು ಕೊಟ್ಟದ್ದು. ನನ್ನ ದುಡಿಮೆಯದು ₹65,000. ನನಗೆ ಸಿಕ್ಕ ಸೆಕೆಂಡ್ ಹ್ಯಾಂಡ್ ಬೆಲೆ ಹೀಗಿತ್ತು: 6ಡಿ ₹52,000. ಆರ್‌ಪಿ ಅಡಾಪ್ಟರ್ ಸೇರಿ ₹70,000.

'200ಡಿ ಮಾರಿದರೆ ಇಪ್ಪತ್ತು ಸಾವಿರ ಬರುತ್ತೆ, ಆರ್‌ಪಿ ಬಂದೇ ಬರುತ್ತೆ' ಎಂದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: 'ಮುಹೂರ್ತದಾಗೆ ಕ್ಯಾಮೆರಾ ನಿಂತ್ರೆ ಏನ್ ಮಾಡ್ತೀಯ?' ಅಪ್ಪ ಸಾಲದಲ್ಲಿದ್ದಾಗಲೂ ಮದುವೆಗೆ ಎರಡು ಕ್ಯಾಮೆರಾ ಒಯ್ಯುತ್ತಿದ್ದರು. ಮದುವೆಗೆ ರೀಟೇಕ್ ಇಲ್ಲ. 200ಡಿ ಮಾರಿದರೆ ನನ್ನ ಬಳಿ ಉಳಿಯುವುದು ಒಂದೇ ಬಾಡಿ, ಅದಕ್ಕೆ ಒಂದೇ ಕಾರ್ಡು.

ಫೀಸಿನ ದುಡ್ಡು ಮುಟ್ಟದೆ ಕಂತಿನಲ್ಲಿ ಕೊಂಡರೆ? ಅದಕ್ಕೂ ಲೆಕ್ಕ ಹಾಕಿದೆ. ಎರಡನೇ ಫೋಟೊಗ್ರಾಫರ್‌ಗೆ ದಿನಕ್ಕೆ ₹2,000 ಸಿಗುತ್ತದೆ. ಫುಲ್ ಫ್ರೇಮ್ ತಂದರೆ ₹2,800 ಕೊಡುವುದಾಗಿ ನಮ್ಮ ಸೀನಿಯರ್ ಅಣ್ಣ ಹೇಳಿದ್ದರು. ಆಷಾಢ, ಧನುರ್ಮಾಸದಲ್ಲಿ ಮದುವೆ ಇಲ್ಲ, ಪರೀಕ್ಷೆ ಇದ್ದಾಗ ನಾನಿಲ್ಲ. ಕಳೆದ ವರ್ಷ ನಾನು ದುಡಿದದ್ದು 24 ದಿನ. ಅಂದರೆ ಹೊಸ ಕ್ಯಾಮೆರಾದಿಂದ ವರ್ಷಕ್ಕೆ ಹೆಚ್ಚಿಗೆ ಬರುವುದು ₹19,200. ಆರ್‌ಪಿಯ ದುಡ್ಡು ಹುಟ್ಟಲು ಮೂರೂವರೆ ವರ್ಷಕ್ಕೂ ಹೆಚ್ಚು ಬೇಕು, 6ಡಿಗೆ ಎರಡೂಮುಕ್ಕಾಲು ವರ್ಷ. ನನ್ನ ಬಿ.ಇ. ಮುಗಿಯಲು ಇರುವುದು ಎರಡೇ ವರ್ಷ. 'ಕ್ಯಾಮೆರಾ ತನ್ನ ಕಂತನ್ನು ತಾನೇ ತೀರಿಸಿಕೊಳ್ಳುತ್ತೆ' ಎಂಬುದು ನನ್ನ ಮಟ್ಟಿಗಂತೂ ಸುಳ್ಳು.

ಇನ್ನೊಂದು ಸತ್ಯವೂ ಆ ರಾತ್ರಿಯೇ ಹೊರಬಿತ್ತು. ಕೆಟ್ಟುಹೋದ ಆ ತಾಯಿಯ ಫೋಟೊದ ವಿವರ ತೆರೆದು ನೋಡಿದೆ. ಐಎಸ್‌ಒ 6400, ಅಪರ್ಚರ್ 5.6, ಶಟರ್ ಸೆಕೆಂಡಿನ 1/40. ಕಾಳು ಕ್ಯಾಮೆರಾದ್ದು, ಒಪ್ಪಿದೆ. ಅಲುಗಾಟ ನನ್ನದು. ಅವತ್ತು ಕಿಟ್ ಲೆನ್ಸ್ ಬಿಟ್ಟು ಬೀರುವಿನಲ್ಲಿದ್ದ ಅಪ್ಪನ 1.8 ಲೆನ್ಸ್ ಹಾಕಿದ್ದರೆ ಎಂಟು ಪಟ್ಟಿಗೂ ಹೆಚ್ಚು ಬೆಳಕು ಸಿಗುತ್ತಿತ್ತು. 200ಡಿಯಲ್ಲೇ ಆ ಫೋಟೊ ಉಳಿಯುತ್ತಿತ್ತು.

ಕೊನೆಗೆ 6ಡಿ ಕೊಂಡೆ. ಮನಸ್ಸು ಆರ್‌ಪಿಯ ಮೇಲೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಫೀಸು ಉಳಿಯಿತು, 200ಡಿ ಎರಡನೇ ಬಾಡಿಯಾಗಿ ಉಳಿಯಿತು, ಸೀನಿಯರ್ ಅಣ್ಣನ ಇಎಫ್ ಜೂಮ್ ಲೆನ್ಸ್ ಮದುವೆ ದಿನ ನೇರ ನನ್ನ ಕ್ಯಾಮೆರಾಕ್ಕೆ ಕೂರುತ್ತದೆ. ಕೆಲಸ ಸಿಕ್ಕ ಮೇಲೆ ಮಿರರ್‌ಲೆಸ್‌ಗೆ ಹೋದರೂ ಈ ಲೆನ್ಸುಗಳು ಅಡಾಪ್ಟರ್ ಮೂಲಕ ಜೊತೆಗೇ ಬರುತ್ತವೆ.

ನೀವು ಕೊಳ್ಳುವುದಾದರೆ

ನಿಮ್ಮ ಬಳಿ ಒಂದೂ ಹಳೆಯ ಲೆನ್ಸ್ ಇಲ್ಲದಿದ್ದರೆ, ಮೊದಲ ಕ್ಯಾಮೆರಾ ಕೊಳ್ಳುತ್ತಿದ್ದರೆ, ವಿಡಿಯೊ ಹೆಚ್ಚು ಮಾಡುವವರಾದರೆ ಮಿರರ್‌ಲೆಸ್‌ಗೇ ಹೋಗಿ. ಮನೆಯಲ್ಲೋ ಗುಂಪಿನಲ್ಲೋ ಹಳೆಯ ಲೆನ್ಸುಗಳಿದ್ದು, ದುಡ್ಡು ಕಡಿಮೆ ಇದ್ದು, ದಿನವಿಡೀ ಹೊಡೆಯುವ ಕೆಲಸವಾದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಇವತ್ತಿಗೂ ನಷ್ಟವಲ್ಲ. ಒಂದು ಎಚ್ಚರ: ಕ್ಯಾನನ್‌ನಲ್ಲಿ 200ಡಿಯಂಥ ಸಣ್ಣ ಸೆನ್ಸರಿನ ಇಎಫ್–ಎಸ್ ಲೆನ್ಸು ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. ಅಡಾಪ್ಟರ್ ಹಾಕಿ ಆರ್‌ಪಿಗೆ ಕೂರಿಸಿದರೆ 26 ಮೆಗಾಪಿಕ್ಸೆಲ್ ಹತ್ತಕ್ಕೆ ಇಳಿಯುತ್ತದೆ. ಬಾಡಿಯ ಬೆಲೆ ನೋಡಿ ಖುಷಿಪಡುವ ಮೊದಲು ಲೆನ್ಸಿನ ಬೆಲೆ ಕೂಡಿಸಿ.

ಹಳೆಯದನ್ನು ಕೊಳ್ಳುವಾಗ ಶಟರ್ ಕೌಂಟ್ ಕೇಳಿ. 6ಡಿ ಮಾರ್ಕ್ 2ರ ಶಟರ್ ಒಂದು ಲಕ್ಷ ಕ್ಲಿಕ್‌ಗೆ ಪರೀಕ್ಷಿಸಿದ್ದು. ನಾನು ಕೊಂಡದ್ದು 41 ಸಾವಿರ ಓಡಿತ್ತು. ಅಪರ್ಚರ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ ಹೊಡೆಯಿರಿ, ಸೆನ್ಸರಿನ ಧೂಳು, ಗೀರು ಎಲ್ಲ ಚುಕ್ಕೆಯಾಗಿ ಕಾಣುತ್ತವೆ. ಬಿಲ್ಲಿನ ಸೀರಿಯಲ್ ನಂಬರ್ ಬಾಡಿಯ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. ಸಾಧ್ಯವಾದರೆ ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತನ್ನಿ.

ಕ್ಯಾಮೆರಾ ಮನೆಗೆ ತಂದ ದಿನ ಅಪ್ಪನ ಲೆನ್ಸ್ ಹಾಕಿ ಅವರ ಕೈಗೆ ಕೊಟ್ಟೆ. ಮೆನು, ಬಟನ್ ಯಾವುದನ್ನೂ ನೋಡದೆ ಸೀದಾ ಕಣ್ಣಿಗೆ ಇಟ್ಟುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿಸಿದರು. 'ಅದೇ ಐತೆ ಕಣೋ' ಎಂದರು. 200ಡಿಯಲ್ಲಿ 80 ಎಂ.ಎಂ.ನಂತೆ ಇಕ್ಕಟ್ಟಾಗಿ ಕಾಣುತ್ತಿದ್ದ ಆ ಲೆನ್ಸು, ಸ್ಟುಡಿಯೊ ದಿನಗಳ ತನ್ನ ಹಳೆಯ ಅಗಲಕ್ಕೆ ಮರಳಿತ್ತು. ಟಪ್ ಎಂದು ಕನ್ನಡಿ ಎದ್ದು ಬಿತ್ತು.

ಶ್ರಾವಣದ ಮೊದಲ ಮದುವೆಗೆ ಹೊರಡುವಾಗ ಬ್ಯಾಗಿನಲ್ಲಿ ಎರಡು ಕ್ಯಾಮೆರಾ ಇದ್ದವು. ಶಟರ್ 1/160ಕ್ಕಿಂತ ಕೆಳಗೆ ಇಳಿಸಬಾರದು ಎಂದು ಚೀಟಿ ಬರೆದು ಸ್ಟ್ರ್ಯಾಪಿಗೆ ಅಂಟಿಸಿಕೊಂಡಿದ್ದೆ. ವೇದಿಕೆ ಹತ್ತುವ ಮುನ್ನ ಮದುಮಗಳ ತಾಯಿ ಎಲ್ಲಿ ನಿಂತಿದ್ದಾರೆ ಎಂದು ಮೊದಲು ನೋಡಿಕೊಂಡೆ.