ಕಡಲತೀರದ ಹಾಡು

ಹಾಡಿನ ಮಾತು ತಿಳಿಯದೆ ತಾಳಕ್ಕೆ ತಲೆದೂಗುವುದು ಲೋಕದಲ್ಲಿ ಹೊಸ ಸಂಗತಿಯಲ್ಲ. ಆದರೆ ಒಂದು ಖಂಡದ ಜನರು ತಮ್ಮ ಸಾವಿನ ವರ್ಣನೆಗೇ ಕುಣಿದುದನ್ನು ಏನೆಂದು ಕರೆಯೋಣ? 1983ರ ಬೇಸಗೆಯಲ್ಲಿ ಯೂರೋಪಿನಲ್ಲಿ ನಡೆದುದು ಹೆಚ್ಚು ಕಡಮೆ ಇದೇ. ಇಟಲಿಯ ಟ್ಯೂರಿನ್ ನಗರದ ಸ್ಟೆಫಾನೊ ರೀಗಿ, ಸ್ಟೆಫಾನೊ ರೋಟಾ ಎಂಬ ಇಬ್ಬರು ತರುಣರು ‘ರಿಗೇರಾ’ ಎಂಬ ಹೆಸರಿನಿಂದ ಸ್ಪಾನಿಷ್ ಭಾಷೆಯಲ್ಲಿ ಒಂದು ಹಾಡನ್ನು ಹೊರಡಿಸಿದರು. ‘ವಾಮೊಸ್ ಆ ಲಾ ಪ್ಲಾಯಾ’ ಎಂದು ಅದರ ಹೆಸರು. ಕಡಲತೀರಕ್ಕೆ ಹೋಗೋಣ ಎಂದು ಅರ್ಥ. ವಿದ್ಯುದ್ವಾದ್ಯಗಳ ಉಲ್ಲಾಸ, ಬಾಯಿಗೆ ಸುಲಭವಾದ ಪಲ್ಲವಿ. ದುಡಿಮೆಯ ಬೇಸರವನ್ನು ಕಳೆಯಲು ಹೊರಟ ಜನಕ್ಕೆ ಇನ್ನೇನು ಬೇಕು? ವಿಹಾರಗೀತವೆಂದು ನಂಬಿಯೇ ಹಾಡಿದರು.

ಪಲ್ಲವಿಯನ್ನು ದಾಟಿ ಚರಣಗಳಿಗೆ ಕಿವಿಗೊಟ್ಟವರಿಗೆ ಕಾಣುವ ನೋಟವೇ ಬೇರೆ. ಅಲ್ಲಿ ಅಣುಬಾಂಬು ಸಿಡಿದು ಆಗಿದೆ. ಮೈಯ ಬಣ್ಣವನ್ನು ಕೆಡಿಸುತ್ತಿರುವುದು ಬಿಸಿಲಲ್ಲ, ವಿಕಿರಣ. ಬೀಸುವ ಗಾಳಿಯಲ್ಲಿಯೂ ಅದೇ ವಿಷ. ಮೀನಿನ ನಾತವಿಲ್ಲದೆ ಕಡಲು ಶುಚಿಯಾಗಿದೆ, ಏಕೆಂದರೆ ಮೀನೇ ಇಲ್ಲ. ಇಷ್ಟಾದರೂ ವಿಹಾರಿಗಳು ಟೋಪಿಯಿಟ್ಟು ಮರಳಿಗೆ ಹೊರಟಿದ್ದಾರೆ! ಪಲಾಯನವನ್ನು ಬೋಧಿಸುವ ಹಾಡು ಇದಲ್ಲ; ಓಡಿಹೋಗುವವನಿಗೆ ಅವನು ಸೇರಬೇಕೆಂದಿರುವ ಜಾಗವನ್ನೇ ತೋರಿಸಿ ನಗುವ ಹಾಡು. ನಗೆಯನ್ನು ಬಿಡಿಸಿ ಹೇಳದಿರುವುದು ಅದರ ಬಲ, ದೌರ್ಬಲ್ಯವೂ ಅದೇ. ರಾಗವು ಮಾತನ್ನು ನುಂಗಿಬಿಟ್ಟಿತು. ಸಿಸಿಲಿಯ ಕೋಮಿಸೊದಲ್ಲಿ ಅಮೆರಿಕದ ಅಣುಕ್ಷಿಪಣಿಗಳನ್ನಿಡಲು ಇಟಲಿಯ ಸರಕಾರವು 1981ರಲ್ಲಿಯೇ ಒಪ್ಪಿದ್ದಿತು. 1983ರ ಅಕ್ಟೋಬರಿನಲ್ಲಿ ರೋಮಿನ ಬೀದಿಗಳಲ್ಲಿ ಲಕ್ಷಾಂತರ ಜನರು ಕ್ಷಿಪಣಿಗಳನ್ನು ವಿರೋಧಿಸಿ ನಡೆದರು. ಬೇಸಗೆಯಲ್ಲಿ ಕುಣಿದ ಕಾಲುಗಳೂ ಅವುಗಳಲ್ಲಿ ಇದ್ದಿರಬೇಕು.

ಇದೆಲ್ಲ ಕವಿಯ ಅತಿಶಯವೆನ್ನುವವರು ಸ್ಪೇನಿನ ಪಲೊಮಾರೆಸ್ ಗ್ರಾಮದ ವೃತ್ತಾಂತವನ್ನು ನೆನೆಯಬೇಕು. ಹಾಡಿಗೂ ಅದಕ್ಕೂ ನಂಟು ಹಚ್ಚುವುದು ನಮ್ಮ ಉದ್ದೇಶವಲ್ಲ. ಹೋಲಿಕೆ ತಾನಾಗಿಯೇ ಕಣ್ಣಿಗೆ ಬೀಳುವುದು. 1966ನೆಯ ಜನವರಿ 17ರಂದು ಅಮೆರಿಕದ ಒಂದು ಬಾಂಬರ್ ವಿಮಾನವು ಆಕಾಶದಲ್ಲಿಯೇ ಎಣ್ಣೆ ತುಂಬಿಸಿಕೊಳ್ಳುವಾಗ ಟ್ಯಾಂಕರ್ ವಿಮಾನಕ್ಕೆ ಬಡಿದು ಎರಡೂ ನಾಶವಾದವು. ಏಳು ಮಂದಿ ಸತ್ತರು. ನಾಲ್ಕು ಜಲಜನಕ ಬಾಂಬುಗಳಲ್ಲಿ ಮೂರು ನೆಲಕ್ಕೆ ಬಿದ್ದವು, ಒಂದು ಸಮುದ್ರಕ್ಕೆ. ಪರಮಾಣು ಸ್ಫೋಟವಾಗಲಿಲ್ಲ, ಆದರೆ ನೆಲಕ್ಕೆ ಬಿದ್ದ ಎರಡರೊಳಗಿನ ಸಾಮಾನ್ಯ ಸಿಡಿಮದ್ದು ಸಿಡಿದು ಪ್ಲುಟೋನಿಯಂ ಧೂಳು ರೈತರ ಹೊಲಗಳ ಮೇಲೆ ಹರಡಿತು.

ಬೇಸತ್ತ ಕೂಲಿಕಾರನು ಒಂದು ದಿನ ಕಡಲನ್ನು ನೋಡಿ ಬಂದರೆ ನಾವು ಹಳಿಯೆವು. ಸರಕಾರವೇ ಪ್ರಜೆಗಳಿಗೆ ವಿಹಾರವನ್ನು ಔಷಧವಾಗಿ ಕುಡಿಸುವುದು ಬೇರೆ ಮಾತು. ಪ್ರವಾಸಿಗಳು ಹೆದರಿ ಬಾರದಿದ್ದಾರೆಂಬ ಚಿಂತೆ ಫ್ರಾಂಕೊ ಸರಕಾರವನ್ನು ಹಿಡಿದಿತ್ತು. ವಾರ್ತೆಗೂ ಪ್ರವಾಸಕ್ಕೂ ಒಬ್ಬನೇ ಮಂತ್ರಿ (ಈ ಜೋಡಣೆಯನ್ನು ವಾಚಕರು ಗಮನಿಸಬೇಕು); ಆ ಮಾನುಯೆಲ್ ಫ್ರಾಗಾ ಅವರೂ ಅಮೆರಿಕದ ರಾಯಭಾರಿ ಆಂಜಿಯರ್ ಬಿಡಲ್ ಡ್ಯೂಕ್ ಅವರೂ ಮಾರ್ಚಿ 8ರಂದು ಛಾಯಾಗ್ರಾಹಕರ ಎದುರಿಗೆ ಕಡಲಿಗಿಳಿದು ಈಜಿ, ನಗುನಗುತ್ತ ಮೇಲೆ ಬಂದರು. ನಾಲ್ಕನೆಯ ಬಾಂಬು ಆಗ ಇನ್ನೂ ಸಮುದ್ರದ ತಳದಲ್ಲಿಯೇ ಇತ್ತು! ಅದನ್ನು ಮೇಲೆತ್ತಿದುದು ಏಪ್ರಿಲ್ 7ರಂದು.

ಸಾವಿರಕ್ಕೂ ಮಿಕ್ಕ ಟನ್ನು ಮಣ್ಣನ್ನು ಪೀಪಾಯಿಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಿದರು. ಉಳಿದ ಮಣ್ಣನ್ನೂ ತೆಗೆಯುವ ಉದ್ದೇಶವುಂಟೆಂದು ಎರಡು ಸರಕಾರಗಳು ಸಹಿ ಹಾಕಿದುದು 2015ರಲ್ಲಿ, ಆ ಈಜು ಮುಗಿದ 49 ವರ್ಷಗಳ ಮೇಲೆ.