ಅಡಿಕೆಯ ಕೊನೆ ಕೊಯ್ಲಿಗೆ ಯಂತ್ರಗಳು

ಹೊರದೇಶಗಳಲ್ಲಿ ಹಣ್ಣು ತರಕಾರಿಗಳನ್ನು ರೋಬೋಟ್ ಎಂಬ ಸ್ವಯಂಚಾಲಿತ ಯಂತ್ರಗಳು ಕೊಯ್ಯುತ್ತಿರುವಾಗ ನಮ್ಮ ಅಡಿಕೆಯ ಕೊನೆಯನ್ನೂ ಅವು ಏಕೆ ಇಳಿಸಬಾರದೆಂದು ಭದ್ರಾವತಿ ಜನ್ನಾಪುರದ ಆಸುಪಾಸಿನ ತೋಟಗಾರರು ಈಚೆಗೆ ಪದೇ ಪದೇ ಕೇಳುತ್ತಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ ಸರಿ. ಮರವೇರುವ ಕೊನೆಗಾರರು ವರ್ಷೇ ವರ್ಷೇ ಕಡಮೆಯಾಗುತ್ತಿದ್ದಾರೆ. ಅವರ ಮಕ್ಕಳು ಈ ಕಸುಬಿಗೆ ಬರಲೊಲ್ಲರು. ನಲವತ್ತು ಐವತ್ತು ಅಡಿ ಎತ್ತರದಿಂದ ಜಾರಿ ಬಿದ್ದವನ ಸಂಸಾರದ ಪಾಡನ್ನು ಗ್ರಾಮದ ಮುಖಂಡರಿಗೆ ವಿವರಿಸಬೇಕಾದುದಿಲ್ಲ. ಕೊನೆಗಾರನು ಸಕಾಲಕ್ಕೆ ದೊರೆಯದೆ ಕಾಯಿ ಬಲಿತುಹೋದರೆ, ರಾಶಿಯಾಗಬೇಕಾಗಿದ್ದ ಮಾಲು ಗೊರಬಲಾಗಿ ಧಾರಣೆ ಇಳಿಯುವುದೂ ಸರ್ವವಿದಿತವೇ.

ಫಲ ಕೊಯ್ಯುವ ರೋಬೋಟು ಮೂರು ಕೆಲಸಗಳನ್ನು ಮಾಡತಕ್ಕದ್ದು. ಎಲೆಗಳ ನಡುವೆ ಹಣ್ಣನ್ನು ಕ್ಯಾಮೆರಾದ ಮೂಲಕ ಗುರುತಿಸಬೇಕು, ಅದು ಕೊಯ್ಲಿಗೆ ಬಂದಿದೆಯೇ ಎಂಬುದನ್ನು ನಿಶ್ಚಯಿಸಬೇಕು, ಜಜ್ಜದೆ ಬಿಡಿಸಬೇಕು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿಯೇ ಟೊಮೇಟೋ ಹಣ್ಣಿನ ಮೇಲೆ ಇದರ ಪ್ರಯೋಗವನ್ನು ನಡೆಸಿದರು. 2019ರಲ್ಲಿ ನ್ಯೂಜೀಲೆಂಡಿನ ಸೇಬಿನ ತೋಟದಲ್ಲಿ, ಗಾಳಿಯ ಸೆಳೆತದಿಂದ ಹಣ್ಣನ್ನು ಕೊಳವೆಯೊಳಕ್ಕೆ ಎಳೆದುಕೊಳ್ಳುವ ಯಂತ್ರವು ಕೆಲಸಕ್ಕೆ ಇಳಿಯಿತು. ಆದರೆ ಅದನ್ನು ತಯಾರಿಸಿದ ಕಂಪೆನಿಯು 2021ರಲ್ಲಿ ಬಾಗಿಲು ಮುಚ್ಚಿತು. ಅಂಥ ತೋಟಗಳಲ್ಲಿ ಸೇಬಿನ ಮರಗಳನ್ನು ತಂತಿಗೆ ಕಟ್ಟಿ ಬೇಲಿಯಂತೆ ಚಪ್ಪಟೆಯಾಗಿ ಬೆಳೆಸಿರುತ್ತಾರೆಂಬುದನ್ನು ವಾಚಕರು ಗಮನಿಸಬೇಕು. ಯಂತ್ರಕ್ಕೆ ತಕ್ಕಂತೆ ಮರವನ್ನು ಮೊದಲು ಪಳಗಿಸಿದ್ದಾರೆ.

ನಮ್ಮ ಅಡಿಕೆಯ ಸಂಗತಿ ಬೇರೆ. ಟೊಮೇಟೋ ಕೆಂಪಾಗುತ್ತದೆ, ಯಂತ್ರದ ಕಣ್ಣು ಬಣ್ಣವನ್ನು ಹಿಡಿಯುತ್ತದೆ. ಕರಾವಳಿಯವರ ಚಾಲಿಗೆ ಹಣ್ಣಡಿಕೆ ಬೇಕಾದ್ದರಿಂದ ಅಲ್ಲಿಯೂ ಬಣ್ಣವು ಸಾಕ್ಷಿ ಹೇಳೀತು. ಬೇಯಿಸಿ ಕೆಂಪಡಿಕೆ ಮಾಡುವ ನಾವಾದರೋ ಹಸಿರು ಗರಿಗಳ ಬುಡದಲ್ಲಿರುವ ಹಸಿರು ಕಾಯನ್ನು, ಆರೇಳು ತಿಂಗಳ ಎಳಸಿನಲ್ಲಿ, ತಿರುಳು ಗಟ್ಟಿಯಾಗುವ ಮೊದಲೇ ಇಳಿಸಬೇಕು. ಒಂದೇ ಮರದಲ್ಲಿ ಮೂರು ನಾಲ್ಕು ಕೊನೆಗಳು ಬೇರೆ ಬೇರೆ ಪ್ರಾಯದಲ್ಲಿರುತ್ತವೆ. ಒಂದನ್ನು ಕೊಯ್ದು ಉಳಿದವನ್ನು ಬಿಡುವ ವಿವೇಕವು ನುರಿತ ಕೊನೆಗಾರನಲ್ಲಿದೆ, ಇನ್ನೂ ಯಂತ್ರದಲ್ಲಿಲ್ಲ. ಆದಕಾರಣ ಈಗ ಯಂತ್ರದಿಂದ ಕೇಳತಕ್ಕದ್ದು ಎತ್ತರದ ಪರಿಹಾರವನ್ನು ಮಾತ್ರ ಎಂದು ನಮ್ಮ ಅಭಿಪ್ರಾಯ.

ಇದಕ್ಕೆ ಎರಡು ದಾರಿಗಳುಂಟು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರಚಿಸಿ 2019ರಲ್ಲಿ ಪ್ರಸಿದ್ಧಿಗೆ ಬಂದ ಮರವೇರುವ ಯಂತ್ರವು ಮೊದಲನೆಯದು. ಸಣ್ಣ ಪೆಟ್ರೋಲ್ ಎಂಜಿನ್, ಕಾಂಡವನ್ನು ಅಪ್ಪಿ ಹಿಡಿಯುವ ಚಕ್ರಗಳು, ಕುಳಿತುಕೊಳ್ಳಲು ಪೀಠ, ಬ್ರೇಕು ಇವು ಅದರ ಅಂಗಗಳು. ಅರ್ಧ ನಿಮಿಷದಷ್ಟರಲ್ಲಿ ಅದು ಆಳನ್ನು ತುದಿಗೆ ಮುಟ್ಟಿಸುತ್ತದೆ. ಕೊನೆಗಾರನು ಒಂದು ಮರದಿಂದ ಮತ್ತೊಂದಕ್ಕೆ ತೂಗಿ ದಾಟಿಬಿಡುತ್ತಾನೆ. ಯಂತ್ರವಾದರೋ ಮರಮರಕ್ಕೂ ಇಳಿದು, ಬಿಚ್ಚಿ, ಕಟ್ಟಿ, ಮತ್ತೆ ಏರಬೇಕು. ಮಳೆಗಾಲದ ಪಾಚಿಗಟ್ಟಿದ ಕಾಂಡದಲ್ಲಿ ಕಾಲಿನಂತೆ ಚಕ್ರವೂ ಜಾರೀತು. ಆದುದರಿಂದ ನಡುಪಟ್ಟಿಯ ಹಗ್ಗವಿಲ್ಲದೆ ಯಾರನ್ನೂ ಏರಗೊಡಬಾರದು.

ಎರಡನೆಯದು ದೋಟಿ. ಹಳೆಯ ಬಿದಿರಿನ ದೋಟಿಯ ಸ್ಥಾನದಲ್ಲಿ ಈಗ ಕಾರ್ಬನ್ ಫೈಬರಿನ, ಒಂದರೊಳಗೊಂದು ಸೇರುವ ಹಗುರವಾದ ಕೋಲುಗಳು ಬಂದಿವೆ. ಆಳು ನೆಲದ ಮೇಲೆಯೇ ನಿಂತು ಕೊನೆಯನ್ನು ಕೊಯ್ಯಬಲ್ಲನು, ಔಷಧಿಯನ್ನೂ ಸಿಂಪಡಿಸಬಲ್ಲನು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲಿ ಎರಡು ಮೂರು ಬಾರಿ ಹೊಡೆಯಬೇಕಾದ್ದರಿಂದ ಇದು ಸಣ್ಣ ಲಾಭವಲ್ಲ. ಕತ್ತು ನೋಯುವುದು ನಿಜ, ಬೀಳುವ ಭಯವಿಲ್ಲ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಕೋಲು ಲೋಹವಲ್ಲವಾದ್ದರಿಂದ ವಿದ್ಯುತ್ತು ಹರಿಯದೆಂದು ಹಲವರು ನಂಬಿದ್ದಾರೆ. ಅದು ತಪ್ಪು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಅಲ್ಯುಮಿನಿಯಂ ಕೋಲಿನಂತೆಯೇ ಅದೂ ಪ್ರಾಣಾಪಾಯಕರ. ತೋಟದ ಮೇಲೆ ತಂತಿ ಹಾದುಹೋಗಿರುವ ಸಾಲುಗಳಿಗೆ ಸುಣ್ಣದ ಗುರುತು ಹಾಕಿಸಿ, ಅಲ್ಲಿ ದೋಟಿಯನ್ನು ಎತ್ತಕೂಡದೆಂದು ಆಳುಗಳಿಗೆ ಕಟ್ಟಪ್ಪಣೆ ಮಾಡತಕ್ಕದ್ದು.

ಮರವನ್ನೇ ಗಿಡ್ಡವಾಗಿಸುವ ಉಪಾಯವೂ ಉಂಟು. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ದೊರೆತ ಗಿಡ್ಡ ಅಡಿಕೆಯನ್ನು ಸುಮಂಗಳ, ಮೋಹಿತನಗರ ತಳಿಗಳೊಡನೆ ಸಂಕರ ಮಾಡಿ ವಿಟ್ಲದ ಸಂಶೋಧನ ಕೇಂದ್ರದವರು ಎರಡು ಗಿಡ್ಡ ತಳಿಗಳನ್ನು ಹೊರತಂದಿದ್ದಾರೆ. ಹಳೆಯ ಮರ ಸತ್ತ ಎಡೆಯಲ್ಲಿ ಸಸಿ ನೆಡುವವರು ಇವನ್ನು ಹತ್ತಿಪ್ಪತ್ತರಷ್ಟು ಇಟ್ಟು ನೋಡಬಹುದು. ತೋಟಕ್ಕೆ ತೋಟವನ್ನೇ ಬದಲಾಯಿಸುವ ಆತುರ ಬೇಡ.

ಖರ್ಚಿನ ವಿಚಾರವಾಗಿ ಹೊರದೇಶದ ಒಂದು ನಿದರ್ಶನವನ್ನು ಮುಖಂಡರು ಮನಸ್ಸಿನಲ್ಲಿಡಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1960ರ ದಶಕದಲ್ಲಿ ಟೊಮೇಟೋ ಕೊಯ್ಲಿನ ಭಾರಿ ಯಂತ್ರವೂ, ಅದರ ಪೆಟ್ಟನ್ನು ತಾಳುವ ಗಟ್ಟಿ ತಳಿಯೂ ಒಟ್ಟಿಗೆ ಬಂದವು. ಅಲ್ಲಿ ಸುಮಾರು 4,000 ಇದ್ದ ಬೆಳೆಗಾರರು 1970ರ ದಶಕದ ಆರಂಭಕ್ಕೆ ಸುಮಾರು 600ಕ್ಕೆ ಇಳಿದರು. ಯಂತ್ರವನ್ನು ಕೊಳ್ಳಲಾರದ ಸಣ್ಣವರು ಉಳಿಯಲಿಲ್ಲ. ಎಕರೆ ಅರ್ಧ ಎಕರೆ ತೋಟದವರೇ ಬಹುಮಂದಿಯಾಗಿರುವ ಹಳ್ಳಿಗಳಲ್ಲಿ ಯಂತ್ರವನ್ನೂ ದೋಟಿಗಳನ್ನೂ ಸಹಕಾರ ಸಂಘದ ಹೆಸರಿನಲ್ಲಿ ಕೊಂಡು, ಬಾಡಿಗೆಯ ಸರದಿಯನ್ನು ಕೊನೆ ಬಲಿಯುವ ಕ್ರಮದಲ್ಲಿ ಗೊತ್ತುಮಾಡುವುದೇ ಯುಕ್ತ. ಜಮೀನುದಾರರ ದೊಡ್ಡ ತೋಟವೇ ಮೊದಲು ಎಂಬ ಪದ್ಧತಿ ಬೇಡ. ಯಂತ್ರವನ್ನು ನಡೆಸಲು ಊರಿನ ಕೊನೆಗಾರರನ್ನೇ ತರಬೇತಿಗೆ ಕಳುಹಿಸಿ, ಅವರ ಅಪಘಾತ ವಿಮೆಯ ಕಂತನ್ನು ಬಾಡಿಗೆಯ ಹಣದಿಂದಲೇ ಮೊದಲ ಕೊಯ್ಲಿಗೆ ಮುಂಚೆ ಕಟ್ಟಿಬಿಡತಕ್ಕದ್ದು.